ಹೊಳಪೊಂದೇ ಅಳತೆಗೋಲಲ್ಲ

ಹವ್ಯಾಸಿ ಖಗೋಳ ವೀಕ್ಷಕರ ಛಾಯಾಚಿತ್ರ ಸ್ಪರ್ಧೆಯೊಂದರಲ್ಲಿ ತೀರ್ಪುಗಾರನಾಗಿದ್ದಾಗ ನಾನು ಮಾಡಿದ ತಪ್ಪೊಂದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಕೃತ್ತಿಕಾ ನಕ್ಷತ್ರಗುಚ್ಛದ ಎರಡು ಚಿತ್ರಗಳು ಕೊನೆಯ ಸುತ್ತಿಗೆ ಬಂದಿದ್ದವು. ಒಂದರಲ್ಲಿ ಪ್ರತಿ ತಾರೆಯಿಂದಲೂ ನಾಲ್ಕು ದಿಕ್ಕಿಗೆ ಕಿರಣಗಳು ಚಿಮ್ಮುತ್ತಿದ್ದವು, ಇನ್ನೊಂದು ಸೌಮ್ಯವಾಗಿತ್ತು. ನಾನು ಮೊದಲನೆಯದನ್ನೇ ಎತ್ತಿಹಿಡಿದೆ. ಆ ಕಿರಣಗಳನ್ನು ತಂತ್ರಾಂಶದ ನೆರವಿನಿಂದ ಸೇರಿಸಲಾಗಿತ್ತೆಂಬುದು ಬಹುಮಾನ ವಿತರಣೆಯ ನಂತರ ತಿಳಿಯಿತು. ಛಾಯಾಗ್ರಾಹಕರು ಅದನ್ನೇನೂ ಮುಚ್ಚಿಟ್ಟಿರಲಿಲ್ಲ, ನಾವೇ ಕೇಳಿರಲಿಲ್ಲ.

ಹಬಲ್ ದೂರದರ್ಶಕದ ಚಿತ್ರಗಳಲ್ಲೂ ಇಂಥ ಕಿರಣಗಳಿವೆ. ಅದರ ಕಿರಿಯ ಕನ್ನಡಿಯನ್ನು ಹಿಡಿದಿಟ್ಟಿರುವ ಪಟ್ಟಿಗಳ ಅಂಚಿನಲ್ಲಿ ಬೆಳಕು ಬಾಗುವುದರಿಂದ ಅವು ಮೂಡುತ್ತವೆ. ಅಲ್ಲಿ ಅವು ಉಪಕರಣದ ಸಹಜ ಗುರುತು. ನಾನು ಮೆಚ್ಚಿದ ಚಿತ್ರದಲ್ಲಿ ಅವು ಕೇವಲ ಒಡವೆಯಾಗಿದ್ದವು.

ನಕ್ಷತ್ರಗುಚ್ಛಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಗುಚ್ಛವೊಂದರ ತಾರೆಗಳು ಸಾಮಾನ್ಯವಾಗಿ ಒಂದೇ ಮೋಡದಿಂದ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹುಟ್ಟಿದವು. ಹೀಗಾಗಿ ಅವುಗಳ ಬಣ್ಣ ಗುಚ್ಛದ ವಯಸ್ಸನ್ನು ಹೇಳುತ್ತದೆ. ಸುಮಾರು 10 ಕೋಟಿ ವರ್ಷ ವಯಸ್ಸಿನ ಕೃತ್ತಿಕೆಯಲ್ಲಿ ಬಿಸಿಯಾದ ನೀಲಿ ತಾರೆಗಳು ಎದ್ದು ಕಾಣುತ್ತವೆ. ಸಾವಿರ ಕೋಟಿ ವರ್ಷ ಮೀರಿದ ಎಂ 13 ಗುಚ್ಛದಲ್ಲಿ ಅಂಥ ಭಾರಿ ತಾರೆಗಳು ಎಂದೋ ನಂದಿಹೋಗಿ, ಮುಪ್ಪಿನ ಕೆಂಪು ದೈತ್ಯರು ಬೆಳಗುತ್ತಾರೆ. ಹೊಳಪು ಹೆಚ್ಚಿಸುವ ಭರದಲ್ಲಿ ಗುಚ್ಛದ ನಡುಭಾಗವನ್ನೆಲ್ಲ ಬಿಳಿಯಾಗಿಸಿದರೆ ಅಳಿಸಿಹೋಗುವುದು ಈ ಚರಿತ್ರೆಯೇ.

ಹಾಗೆಂದು ಬಣ್ಣ ಕೊಡುವುದೇ ಅಪರಾಧವೆನ್ನಲಾಗದು. 2015ರಲ್ಲಿ ಹಬಲ್ ತನ್ನ 25ನೇ ವರ್ಷದ ಸಂಭ್ರಮಕ್ಕೆ ಆರಿಸಿಕೊಂಡದ್ದು ಸುಮಾರು 20,000 ಜ್ಯೋತಿರ್ವರ್ಷ ದೂರದ ವೆಸ್ಟರ್ಲುಂಡ್ 2 ಗುಚ್ಛದ ಚಿತ್ರವನ್ನು. ಹಬಲ್‌ನ ಕ್ಯಾಮೆರಾಗಳು ಶೋಧಕಗಳ ಮೂಲಕ ದಾಖಲಿಸುವುದು ಕಪ್ಪು-ಬಿಳುಪಿನಲ್ಲಿ. ಬಣ್ಣ ಬರುವುದು ಆಮೇಲೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಆ ಚಿತ್ರದಲ್ಲಿ ಬಳಸಲಾಗಿತ್ತು. ಅದು ಮೋಸವಲ್ಲ, ಒಂದು ಬಗೆಯ ಅನುವಾದ. ಯಾವ ಬೆಳಕನ್ನು ಬಳಸಿದೆವೆಂಬುದನ್ನು ಚಿತ್ರದ ಜೊತೆಯ ಟಿಪ್ಪಣಿ ಹೇಳಿತ್ತು.

ಗ್ರೀನಿಚ್ ವೀಕ್ಷಣಾಲಯ 2009ರಲ್ಲಿ ಆರಂಭಿಸಿದ ವಾರ್ಷಿಕ ಸ್ಪರ್ಧೆಯಲ್ಲಿ ನಕ್ಷತ್ರ-ನೀಹಾರಿಕೆಗಳಿಗೆ ಒಂದು ವಿಭಾಗವಿದ್ದರೆ, ಲಭ್ಯ ದತ್ತಾಂಶವನ್ನು ಹೊಸ ಬಗೆಯಲ್ಲಿ ಸಂಸ್ಕರಿಸುವವರಿಗೆ ಆನಿ ಮಾಂಡರ್ ಹೆಸರಿನ ಪ್ರತ್ಯೇಕ ಬಹುಮಾನವಿದೆ. ಇದು ಅನುಕರಣೀಯ. ನಮ್ಮಲ್ಲೂ ಸ್ಪರ್ಧಿಗಳಿಂದ ಮೂಲ ಕಡತವನ್ನೂ, ಏನನ್ನು ಸೇರಿಸಿದೆ, ಏನನ್ನು ಕಳೆದೆ ಎಂಬ ಲಿಖಿತ ವಿವರವನ್ನೂ ಪಡೆಯಬೇಕು. ವಿವರವಿಲ್ಲದ ಚಿತ್ರ ಎಷ್ಟೇ ಸುಂದರವಾಗಿದ್ದರೂ ಅದನ್ನು ಬದಿಗಿಡಬೇಕು. ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ಇಲ್ಲದ ಆಕಾಶವನ್ನೇ ಬರೆದುಕೊಡುವ ಈ ದಿನಗಳಲ್ಲಿ ಇದು ಅತಿಯಾದ ಕಟ್ಟುನಿಟ್ಟೇನಲ್ಲ.

ನಕ್ಷತ್ರವೀಕ್ಷಣೆಗೆ ಬಂದ ಬಾಲಕಿಯೊಬ್ಬಳು ದೂರದರ್ಶಕದಲ್ಲಿ ಎಂ 13ರ ಬೂದುಬಣ್ಣದ ಮಸುಕನ್ನು ನೋಡಿ, ‘ಇಷ್ಟೇನಾ?’ ಎಂದು ನನ್ನನ್ನು ಕೇಳಿದ್ದಳು. ಅವಳು ಮನೆಯಲ್ಲಿ ನೋಡಿದ್ದ ಚಿತ್ರ ಬೇರೆಯೇ ಆಗಿತ್ತು. ಅದು ಹೇಗೆ ಮೂಡಿತೆಂದು ಯಾರಾದರೂ ಅವಳಿಗೆ ಮೊದಲೇ ಹೇಳಿದ್ದರೆ, ಆ ಮಸುಕೂ ಅವಳಿಗೆ ಬೆರಗಾಗುತ್ತಿತ್ತು. ಸಾವಿರಾರು ವರ್ಷ ಪಯಣಿಸಿದ ಬೆಳಕು ನೇರವಾಗಿ ಅವಳ ಕಣ್ಣಿಗೇ ಬಂದು ತಲುಪಿತ್ತಲ್ಲ.