ಕಾಲ ಬಳಿ ಕೂರುವ ಸೇವೆ

ನಮ್ಮ ಕ್ಯಾಂಪಸ್‌ಗಳಲ್ಲಿ ಸೇವೆಗೂ ಒಂದು ಲೆಕ್ಕ ಇದೆ. ಡಿಗ್ರಿ ಮುಗಿಯೋದ್ರೊಳಗೆ 100 ಆಕ್ಟಿವಿಟಿ ಪಾಯಿಂಟ್ಸ್ ಆಗಬೇಕು. ಗಿಡ ನೆಡ್ತೀವಿ, ಸರ್ಕಾರಿ ಶಾಲೆಗೆ ಹೋಗಿ ಬರ್ತೀವಿ, ರಿಪೋರ್ಟ್‌ಗೆ ಫೋಟೋ ಅಂಟಿಸ್ತೀವಿ. ಇದೆಲ್ಲ ಕೆಟ್ಟದ್ದು ಅಂತಲ್ಲ. ಆದರೆ ಆ ಊರಿಗೆ, ಆ ಶಾಲೆಗೆ ಏನು ಬೇಕು ಅಂತ ತೀರ್ಮಾನ ಮಾಡೋರು ಯಾರು? ಹೆಚ್ಚಿನ ಸಲ ಕೊಡೋರೇ. ತಗೊಳ್ಳೋರನ್ನ ಕೇಳೋದು ಕಡಿಮೆ. ವಿನಯ ಇಲ್ಲದಿದ್ರೆ ಸೇವೆ ಅರ್ಧಕ್ಕೇ ನಿಲ್ಲುತ್ತೆ ಅನ್ನೋದು ನಮ್ಮ ವಾದ. ಇದನ್ನ ತುಂಬಾ ಸ್ಪಷ್ಟವಾಗಿ ಹೇಳೋ ಒಂದು ಕಥೆ ಕ್ರೈಸ್ತ ಪರಂಪರೆಯಲ್ಲಿದೆ.

ಯೋಹಾನನ ಸುವಾರ್ತೆಯ 13ನೇ ಅಧ್ಯಾಯ. ಸಾಯುವ ಹಿಂದಿನ ರಾತ್ರಿ ಯೇಸು ಊಟದ ಮಧ್ಯೆ ಎದ್ದು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಶಿಷ್ಯರ ಕಾಲು ತೊಳೀತಾರೆ. ಆಗಿನ ಕಾಲಕ್ಕೆ ಅದು ಮನೆಯ ಆಳಿನ ಕೆಲಸ. ಪೇತ್ರನಿಗೆ ಮುಜುಗರ, ಮೊದಲು ಬೇಡವೇ ಬೇಡ ಅಂತಾನೆ. ಶಿಷ್ಯ ಗುರುವಿನ ಕಾಲು ಮುಟ್ಟೋದು ನಮಗೆ ಗೊತ್ತು. ಇಲ್ಲಿ ಅದು ಪೂರ್ತಿ ಉಲ್ಟಾ. ಇನ್ನೊಂದು ಮಾತು: ಹಿಡಿದುಕೊಡಲಿದ್ದ ಯೂದ ಕೂಡ ಆ ಊಟದಲ್ಲಿದ್ದ. ಅವನನ್ನ ಬಿಟ್ಟು ಉಳಿದವರ ಕಾಲು ಮಾತ್ರ ತೊಳೆದರು ಅಂತ ಕಥೆಯಲ್ಲಿ ಎಲ್ಲೂ ಇಲ್ಲ.

ಈ ಕಥೆಯನ್ನ ನಂಬಿ ಬದುಕಿದವರಲ್ಲಿ ಡಾ. ಪಾಲ್ ಬ್ರ್ಯಾಂಡ್ ಒಬ್ಬರು. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮಿಷನರಿ ದಂಪತಿಗೆ ಹುಟ್ಟಿದವರು. ಇಂಗ್ಲೆಂಡ್‌ನಲ್ಲಿ ಮೊದಲು ಕಲಿತದ್ದು ವೈದ್ಯಕೀಯ ಅಲ್ಲ, ಕಟ್ಟಡದ ಕೆಲಸ. ಆಮೇಲೆ ಡಾಕ್ಟರಾಗಿ 1946ರಲ್ಲಿ ವೆಲ್ಲೂರಿನ ಸಿಎಂಸಿಗೆ ಬಂದರು. ಕುಷ್ಠರೋಗ ಬಂದ್ರೆ ಬೆರಳು ತಾನಾಗೇ ಕೊಳೆತು ಉದುರುತ್ತೆ ಅಂತ ಜನ ನಂಬಿದ್ದ ಕಾಲ ಅದು. ಬ್ರ್ಯಾಂಡ್ ರೋಗಿಗಳ ಜೊತೆಗಿದ್ದು, ಅವರು ದಿನವಿಡೀ ಏನು ಮಾಡ್ತಾರೆ ಅಂತ ಗಮನಿಸಿದರು. ಆಗ ಗೊತ್ತಾಯ್ತು: ರೋಗ ನರಗಳನ್ನ ಹಾಳುಮಾಡಿ ನೋವನ್ನೇ ಇಲ್ಲವಾಗಿಸುತ್ತೆ. ಬಿಸಿ ಪಾತ್ರೆ ಹಿಡಿದ್ರೂ, ಮೊಳೆ ಚುಚ್ಚಿದ್ರೂ ಗೊತ್ತಾಗಲ್ಲ. ಗಾಯದ ಮೇಲೆ ಗಾಯವಾಗಿ ಬೆರಳು ಸವೆಯುತ್ತೆ. ಮುದುಡಿದ ಬೆರಳುಗಳು ಮತ್ತೆ ಬಿಚ್ಚಿಕೊಳ್ಳುವ ಹಾಗೆ ಅವರು ಸರ್ಜರಿ ಮಾಡಿದರು. ಅಂಗಾಲಿನ ಹುಣ್ಣಿಗೆ ಮದ್ದು ಹಚ್ಚಿ ಸುಮ್ಮನಾಗದೆ, ನಡೆಯುವಾಗ ಎಲ್ಲಿ ಒತ್ತಡ ಬೀಳುತ್ತೆ ಅಂತ ಹುಡುಕಿ, ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರ್ ಚಪ್ಪಲಿಗಳ ಮೇಲೆ ಕೆಲಸ ಮಾಡಿದರು.

ಪ್ರೆಷರ್ ಅಂದ್ರೆ ಫೋರ್ಸ್ ಬೈ ಏರಿಯಾ ಅನ್ನೋದು ನಮಗೆಲ್ಲ ಬಾಯಿಪಾಠ. ಆದರೆ ಯಾರೂ ಮುಟ್ಟೋಕೆ ಹೆದರುತ್ತಿದ್ದ ಒಂದು ಕಾಲಿನಲ್ಲಿ ಆ ಒತ್ತಡ ಎಲ್ಲಿ ಬೀಳ್ತಿದೆ ಅಂತ ತಿಳೀಬೇಕಾದ್ರೆ ಆ ಕಾಲ ಬಳಿ ಕೂರಲೇಬೇಕು. ಅಂದ್ರೆ ವಿನಯ ಬರೀ ಒಳ್ಳೆ ಗುಣ ಅಲ್ಲ, ಸಮಸ್ಯೆಯನ್ನ ಸರಿಯಾಗಿ ನೋಡೋ ಜಾಗ ಅದು.

ಮಿಷನರಿ ಸೇವೆ ಅಂದ ಕೂಡಲೇ ಮತಾಂತರದ ಪ್ರಶ್ನೆ ಬರುತ್ತೆ. ಕೇಳಲೇಬೇಕಾದ ಪ್ರಶ್ನೆಯೇ. ಅದಕ್ಕೆ ಅಳತೆಗೋಲು ಕೂಡ ಆ ಕಾಲು ತೊಳೆದ ಕಥೆಯಲ್ಲೇ ಇದೆ ಅಂತ ನಮಗನಿಸುತ್ತೆ. ಯೂದನ ಮುಂದೆಯೂ ಬಗ್ಗಿದ ಸೇವೆಗೆ ಷರತ್ತು ಇರೋಕೆ ಸಾಧ್ಯವಿಲ್ಲ. ಷರತ್ತು ಹಾಕಿದ ದಿನ ಅದು ವ್ಯಾಪಾರ. ಈ ಮಾತು ಮತಕ್ಕೂ ಸಲ್ಲುತ್ತೆ, ಪಾಯಿಂಟ್ಸ್‌ಗೂ ಸಲ್ಲುತ್ತೆ.

ನಮ್ಮಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಬ್ರ್ಯಾಂಡ್‌ಗೆ ಆ ಕೆಲಸವೇ ಪ್ರಾರ್ಥನೆಯಾಗಿತ್ತು, ನಮಗೆ ಹಾಗೆ ಆಗಬೇಕಿಲ್ಲ. ಆದರೆ ಎರಡು ಕೆಲಸ ಎಲ್ಲರಿಂದಲೂ ಆಗುತ್ತೆ. ಹೋಗುವ ಮೊದಲು ಅಲ್ಲಿನವರನ್ನ ಏನು ಬೇಕು ಅಂತ ಕೇಳೋಣ. ಆರು ತಿಂಗಳಾದ ಮೇಲೆ ಮತ್ತೆ ಹೋಗಿ, ನಾವು ಮಾಡಿಕೊಟ್ಟದ್ದು ಇನ್ನೂ ಉಪಯೋಗಕ್ಕೆ ಬರ್ತಿದೆಯಾ ಅಂತ ನೋಡೋಣ. ಕೆಟ್ಟಿದ್ರೆ ರಿಪೇರಿ ಮಾಡೋಣ. ಆ ಎರಡನೇ ಭೇಟಿಗೆ ಪಾಯಿಂಟ್ಸ್ ಸಿಗಲ್ಲ. ಸೇವೆ ಶುರುವಾಗೋದು ಬಹುಶಃ ಅಲ್ಲೇ.