ಬಲೆಯ ಕಣ್ಣೂ ಮೀನಿನ ಮೈಯೂ

ಮರಿಮೀನುಗಳನ್ನು ಉಳಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅದಕ್ಕಾಗಿ ಬಲೆಯ ಕಣ್ಣನ್ನು ದೊಡ್ಡದು ಮಾಡಿದರೆ ಸಾಕು ಎಂಬ ಮಾತನ್ನು ಮಾತ್ರ ವಿಚಾರಿಸಿ ಒಪ್ಪಬೇಕಾಗಿದೆ. ಈ ವಿಚಾರ ಹೊಸದಲ್ಲ. ಫ್ರಾನ್ಸಿಸ್ ಡೇ 1873ರ ತಮ್ಮ ವರದಿಯಲ್ಲಿಯೇ ಸಣ್ಣ ಕಣ್ಣಿನ ಬಲೆಗಳಿಗೆ ಕಡಿವಾಣ ಬೇಕೆಂದು ವಾದಿಸಿದ್ದರು. 1897ರ ಭಾರತೀಯ ಮತ್ಸ್ಯ ಕಾಯಿದೆ ಬಲೆಗಳ ಅಳತೆಯನ್ನೂ ಬಗೆಯನ್ನೂ ನಿರ್ಣಯಿಸುವ ಅಧಿಕಾರವನ್ನು ಪ್ರಾಂತ ಸರ್ಕಾರಗಳಿಗೆ ಕೊಟ್ಟಿತು. ಅಂದಿನಿಂದ ಇಂದಿನವರೆಗೆ ನಮ್ಮ ಚರ್ಚೆಯೆಲ್ಲ ಒಂದು ಅಂಕಿಯ ಸುತ್ತ ತಿರುಗುತ್ತಿದೆ: ಕಣ್ಣು ಎಷ್ಟು ದೊಡ್ಡದಿರಬೇಕು? ಆದರೆ ಬಲೆಯ ಕಣ್ಣು ಮೀನಿನ ವಯಸ್ಸನ್ನು ಅರಿಯದು, ಉದ್ದವನ್ನೂ ಅರಿಯದು. ಅದು ಅರಿಯುವುದು ಮೈಯ ಸುತ್ತಳತೆಯೊಂದನ್ನೇ.

ಕಡಲಿನಲ್ಲಿ ಈ ಸಂಗತಿ ಚೆನ್ನಾಗಿ ಕಾಣುತ್ತದೆ. ದೋಣಿಯ ಹಿಂದೆ ಎಳೆದೊಯ್ಯುವ ಟ್ರಾಲ್ ಬಲೆಯ ತುದಿಯಲ್ಲಿ ಒಂದು ಚೀಲವಿರುತ್ತದೆ; ಮೀನು ಉಳಿಯುವುದೂ ತಪ್ಪಿಸಿಕೊಳ್ಳುವುದೂ ಬಹುಮಟ್ಟಿಗೆ ಅಲ್ಲಿಯೇ. ಚೀಲದ ಕಣ್ಣು ವಜ್ರಾಕೃತಿಯದಾದರೆ, ಎಳೆತದ ಭಾರಕ್ಕೆ ಅದು ಸಂಕುಚಿಸಿ ಸೀಳಿನಂತಾಗುತ್ತದೆ. ಚೌಕಾಕೃತಿಯದಾದರೆ ತೆರೆದೇ ಇರುತ್ತದೆ. ಗುಜರಾತು 2003ರ ನಿಯಮಗಳಲ್ಲಿ 40 ಮಿಲಿಮೀಟರಿನ ಚೌಕ ಕಣ್ಣನ್ನು ವಿಧಿಸಿದ್ದು ಈ ಕಾರಣದಿಂದಲೇ. ಬಂಗುಡೆಯಂಥ ದುಂಡು ಮೈಯ ಮೀನಿನ ಮರಿಗಳಿಗೆ ಇದರಿಂದ ಬಿಡುಗಡೆ. ಆದರೆ ನಂಗಿನಂಥ ಚಪ್ಪಟೆ ಮೀನಿಗೆ ಸೀಳಿನಂಥ ಕಣ್ಣೇ ಹೆಚ್ಚು ಸಲೀಸು. ಚೌಕದಿಂದ ಅದಕ್ಕೆ ಅಷ್ಟು ಉಪಕಾರವಿಲ್ಲ. ಒಂದು ಮೀನಿಗೆ ಬಾಗಿಲಾದದ್ದು ಇನ್ನೊಂದಕ್ಕೆ ಗೋಡೆಯಾಗುತ್ತದೆ. ಆದುದರಿಂದಲೇ ಶಾಸ್ತ್ರಜ್ಞರು, ಯಾವ ಉದ್ದದ ಮೀನುಗಳಲ್ಲಿ ಅರ್ಧ ಸಿಕ್ಕಿ ಅರ್ಧ ಪಾರಾಗುವುವೋ ಆ ಉದ್ದವನ್ನು ಜಾತಿಜಾತಿಗೂ ಬೇರೆಬೇರೆಯಾಗಿ ಲೆಕ್ಕಹಾಕುತ್ತಾರೆ.

ಕಡಲು ನಮ್ಮ ಕಲಬುರಗಿ ಸೀಮೆಗೆ ದೂರವಾದರೂ ಈ ನ್ಯಾಯ ದೂರದ್ದಲ್ಲ. ಆಳಂದದ ಅಮರ್ಜೆ ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆ ಅಲ್ಲಿಂದ ಜೇವರ್ಗಿಯ ಕಡೆಗೆ ಸಾಗುತ್ತದೆ. ಹೀಗೆ ಮೂರು ತಾಲೂಕುಗಳ ಮೀನುಗಾರರು ಒಂದೇ ನೀರಿನ ಪಾಲುದಾರರು. ಅವರದು ಟ್ರಾಲ್ ಅಲ್ಲ, ನೀರಿನಲ್ಲಿ ಗೋಡೆಯಂತೆ ನಿಲ್ಲುವ ಕಿವಿರುಬಲೆ. ಇದರ ಗುಣ ಇನ್ನೂ ಸೂಕ್ಷ್ಮ. ತೀರ ಸಣ್ಣ ಮೀನು ಕಣ್ಣಿನಲ್ಲಿ ತೂರಿಹೋಗುತ್ತದೆ. ತೀರ ದೊಡ್ಡದು ತಲೆಯನ್ನೇ ತೂರಿಸಲಾರದು. ನಡುವಿನ ಸುತ್ತಳತೆಯದು ಕಿವಿರಿನ ಬಳಿ ಸಿಕ್ಕಿಬೀಳುತ್ತದೆ. ರಷ್ಯದ ಬರಾನೊವ್ ಎಂಬ ವಿಜ್ಞಾನಿ ಕಳೆದ ಶತಮಾನದಲ್ಲಿ ಇದನ್ನು ರೇಖಾಗಣಿತದ ಸೂತ್ರವಾಗಿ ನಿರೂಪಿಸಿದರು.

ಒಂದು ಸರಳ ಲೆಕ್ಕ ಮಾಡಿ ನೋಡೋಣ. ಎಳೆದು ಹಿಡಿದಾಗ 100 ಮಿಲಿಮೀಟರ್ ಇರುವ ಕಣ್ಣಿನ ಒಳಸುತ್ತು 200 ಮಿಲಿಮೀಟರ್. ಕಟ್ಲಾದಂತೆ ಉಬ್ಬಿದ ಮೈಯ ಮೀನಿನ ಸುತ್ತಳತೆ ಅದರ ಉದ್ದದ ಮುಕ್ಕಾಲು ಪಾಲೆಂದೂ, ಮೃಗಾಲದಂತೆ ನೀಳವಾದ ಮೀನಿನದು ಅರ್ಧವೆಂದೂ ಇಟ್ಟುಕೊಳ್ಳೋಣ. ಮೊದಲನೆಯದು ಸುಮಾರು 27 ಸೆಂಟಿಮೀಟರ್ ಆದೊಡನೆ ಸಿಕ್ಕಿಕೊಳ್ಳುತ್ತದೆ. ಎರಡನೆಯದು 40 ಸೆಂಟಿಮೀಟರ್ ಬೆಳೆಯುವವರೆಗೆ ಪಾರಾಗುತ್ತದೆ. ಕಟ್ಲಾ ಮೊಟ್ಟೆಯಿಡುವಷ್ಟು ಬೆಳೆಯಲು ಎರಡು ವರ್ಷವಾದರೂ ಬೇಕು. 27 ಸೆಂಟಿಮೀಟರಿನ ಕಟ್ಲಾ ಇನ್ನೂ ಎಳೆಯದು. ಬಲೆ ಒಂದೇ, ನಿಯಮ ಒಂದೇ; ಒಂದು ಜಾತಿಗೆ ರಕ್ಷಣೆ, ಇನ್ನೊಂದಕ್ಕೆ ಮರಣ.

ಇನ್ನೊಂದು ತೊಡಕೂ ಇದೆ. ಕಟ್ಲಾ, ರೋಹು, ಮೃಗಾಲಗಳು ಗಂಗೆಯ ಬಯಲಿನಿಂದ ತಂದು ಬಿಟ್ಟ ಮೀನುಗಳು. ದಖನ್ನಿನ ಸ್ವಂತ ಮೀನುಗಳಲ್ಲಿ ಅನೇಕವು ಚಿಕ್ಕವು. ಕರ್ನಲ್ ಸೈಕ್ಸ್ 1839ರಲ್ಲಿ ವರ್ಣಿಸಿದ ರೋಹ್ಟೀ ಓಗಿಲ್ಬಿ ಎಂಬುದು ಎಲೆಯಂತೆ ಅಗಲವಾಗಿ ತೆಳ್ಳಗಿದೆ. ಪೂರ್ಣ ಬೆಳೆದರೂ ಗೇಣುದ್ದವನ್ನು ಮುಟ್ಟದು. ಕಟ್ಲಾದ ಮರಿಯನ್ನು ಉಳಿಸುವ ಬಲೆಗೆ ಇಂಥ ಮೀನು ಎಂದೂ ಸಿಕ್ಕದು. ಇದನ್ನು ಹಿಡಿಯುವ ಬಲೆ ಕಟ್ಲಾದ ಮರಿಯನ್ನು ಬಿಡದು. ಎದೆರೆಕ್ಕೆಯಲ್ಲಿ ಗರಗಸದಂಥ ಮುಳ್ಳುಳ್ಳ ಮೀಸೆಮೀನಿಗಂತೂ ಯಾವ ಅಳತೆಯೂ ಅನ್ವಯಿಸದು. ಮುಳ್ಳು ನೂಲಿಗೆ ತಗುಲಿದರೆ ಮುಗಿಯಿತು.

ಈ ವಿಚಾರಕ್ಕೆ ಇಂದು ಹೆಚ್ಚಿನ ತುರ್ತಿದೆ. ಮೇಲೆ ಮಹಾರಾಷ್ಟ್ರದ ಉಜನಿ, ಇಲ್ಲಿ ಸೊನ್ನದ ಬ್ಯಾರೇಜು, ಇವುಗಳ ನಡುವೆ ಭೀಮೆಯ ಹರಿವು ತುಂಡಾಗಿದೆ. 2020ರ ಮತ್ತು 2025ರ ಮಹಾಪೂರಗಳು ನದಿದಂಡೆಯ ಬದುಕನ್ನೇ ಕದಡಿದವು. ಇಂಥ ಸ್ಥಿತಿಯಲ್ಲಿ ಕಣ್ಣಿನ ಅಳತೆಯೊಂದನ್ನೇ ನಂಬಿ, ಸಣ್ಣ ಮೀನು ಹಿಡಿದು ದಿನ ದೂಡುವ ಕೋಲಿ, ಕಬ್ಬಲಿಗ ಕುಟುಂಬಗಳ ಬಲೆಯನ್ನು ಕಿತ್ತುಕೊಂಡರೆ, ಅವರ ಅನ್ನವೂ ಹೋಗುತ್ತದೆ, ಕಟ್ಲಾದ ಮರಿಯೂ ಉಳಿಯುವುದಿಲ್ಲ.

ನನಗೆ ಕಾಣುವ ಮಾರ್ಗ ಇದು. ಮರಿ ತಂದು ಬಿಡುವ ಜಲಾಶಯಗಳಲ್ಲಿ ಕಟ್ಲಾದ ಮೈಗೆ ಹೊಂದುವ ದೊಡ್ಡ ಕಣ್ಣನ್ನೇ ವಿಧಿಸಬೇಕು. ಏಕೆಂದರೆ ಅಲ್ಲಿ ಬೇಗ ಸಿಕ್ಕಿಬೀಳುವುದು ಅದೇ. ಹರಿಯುವ ನದಿಯಲ್ಲಿ ಕಣ್ಣಿಗಿಂತ ಕಾಲಕ್ಕೆ ಹೆಚ್ಚು ಬೆಲೆ ಕೊಡಬೇಕು. ಕರ್ನಾಟಕದ ಕರಾವಳಿಯಲ್ಲಿ ಯಂತ್ರದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನಗಳ ವಿರಾಮವಿದೆ. ನದಿಯ ಮೀನು ಮೊಟ್ಟೆಯಿಡುವ ಮಳೆಗಾಲದಲ್ಲಿ ಭೀಮೆಗೂ ಅಂಥ ವಿರಾಮ ನಿಷ್ಠೆಯಿಂದ ದೊರೆಯಬೇಕು; ಆ ದಿನಗಳಲ್ಲಿ ಮೀನುಗಾರನ ಮನೆಗೆ ನೆರವೂ ತಲಪಬೇಕು. ಮಿಕ್ಕ ತಿಂಗಳುಗಳಲ್ಲಿ ಸಣ್ಣ ಮೀನಿಗೆ ಸಣ್ಣ ಬಲೆಯನ್ನು, ಗೊತ್ತಾದ ಜಾಗಗಳಲ್ಲಿ, ಅನುಮತಿಸಬಹುದು.

ಇದಕ್ಕೆ ಮೊದಲು ಅಳತೆ ಬೇಕು. ಅದಕ್ಕೆ ದೊಡ್ಡ ಪ್ರಯೋಗಶಾಲೆಯ ಅಗತ್ಯವಿಲ್ಲ. ಈ ಮೂರು ತಾಲೂಕುಗಳಲ್ಲಿ ವಿಜ್ಞಾನ ಓದುವ ವಿದ್ಯಾರ್ಥಿಗಳು ಸಂತೆಗೆ ಹೋಗಿ, ಒಂದು ದಾರದಿಂದ ಮೀನಿನ ಸುತ್ತಳತೆಯನ್ನೂ ಒಂದು ಅಳತೆಪಟ್ಟಿಯಿಂದ ಉದ್ದವನ್ನೂ ಬರೆದಿಟ್ಟುಕೊಂಡರೆ, ಒಂದು ವರ್ಷದಲ್ಲಿ ಸರ್ಕಾರದ ಮುಂದಿಡಬಹುದಾದ ಪಟ್ಟಿ ಸಿದ್ಧವಾಗುತ್ತದೆ. ಯಾವ ಮೀನು ಯಾವ ಬಲೆಗೆ ಬೀಳುತ್ತದೆಂಬುದನ್ನು ಮೀನುಗಾರ ಕೈಯ ಅನುಭವದಿಂದ ಬಲ್ಲ. ಆ ಅರಿವನ್ನು ಕೇಳಿ ಬರೆದುಕೊಂಡ ಮೇಲೆ ಕಾಯಿದೆ ಮಾಡುವುದು ವಿವೇಕ.