ಡೇರಿ ಲೆಕ್ಕ ಕೇಳುವ ನಾವು ಪಂಚಾಯಿತಿಯ ಆರೋಗ್ಯದ ಲೆಕ್ಕವನ್ನೂ ಕೇಳೋಣ

ಹಾಲು ಉತ್ಪಾದಕ ಸಹೋದರಿಯರೇ,

ಡೇರಿಯಲ್ಲಿ ಫ್ಯಾಟ್ ಸ್ವಲ್ಪ ಇಳಿದರೆ ನಾವು ಸುಮ್ಮನೆ ಬರುವವರಲ್ಲ. "ನಿನ್ನೆ 4.1 ಇತ್ತು, ಇವತ್ತು 3.8 ಹೇಗಾಯಿತು?" ಎಂದು ಕೇಳಿಯೇ ಬರುತ್ತೇವೆ. ಬಟವಾಡೆ ಎರಡು ದಿನ ತಡವಾದರೆ ಕಾರ್ಯದರ್ಶಿಗೆ ನೆಮ್ಮದಿ ಇರುವುದಿಲ್ಲ. ಮಹಾಸಭೆಯಲ್ಲಿ ಎದ್ದು ನಿಂತು ಬೋನಸ್ ಎಷ್ಟೆಂದು ಕೇಳುವ ಧೈರ್ಯವೂ ಬಂದಿದೆ. ಆದರೆ ನಿಮ್ಮ ಊರಿನ ಕುಡಿಯುವ ನೀರಿನ ಟ್ಯಾಂಕ್ ತೊಳೆದು ಎಷ್ಟು ದಿನವಾಯಿತು, ಅದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ, ಗೊತ್ತೇ? ನನಗೂ ಬಹಳ ವರ್ಷ ಗೊತ್ತಿರಲಿಲ್ಲ.

ಒಂದು ಸಂಜೆ ಹಾಲು ಕರೆಯುತ್ತಿದ್ದಾಗ ಒಬ್ಬರು ರಿಜಿಸ್ಟರ್ ಹಿಡಿದು ಕೊಟ್ಟಿಗೆಗೇ ಬಂದರು. "ಇಲ್ಲೊಂದು ಸಹಿ ಹಾಕಿ ಅಕ್ಕ, ನೀವು ಆರೋಗ್ಯ ಸಮಿತಿ ಮೆಂಬರು" ಅಂದರು. ಕೈ ಒರೆಸಿಕೊಂಡು ಹಾಕಿದೆ. ನಡೆಯದ ಸಭೆಗೆ ಹಾಜರಾಗಿಬಿಟ್ಟೆ. ಅದೇ ಮಳೆಗಾಲ ನಮ್ಮ ಬೀದಿಗೆ ವಾಂತಿಭೇದಿ ಬಂತು. ನಲ್ಲಿ ಪೈಪು ಚರಂಡಿಯೊಳಗೇ ಹಾದು, ಅಲ್ಲೇ ಒಡೆದಿತ್ತು. ನಮ್ಮ ಸೊಸೆಗೆ ಮೂರು ದಿನ ಗ್ಲೂಕೋಸ್ ಏರಿಸಿದರು. ಎರಡು ಬಟವಾಡೆಯ ಹಣ ಅಲ್ಲೇ ಹೋಯಿತು. ಯಾರನ್ನು ಬೈಯಲಿ? ಸಹಿ ನನ್ನದೇ.

ಆಮೇಲೆ ವಿಚಾರಿಸಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ. ಊರಿಗೊಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರಬೇಕು. ಪಂಚಾಯಿತಿ ಸದಸ್ಯರು ಅದರ ಅಧ್ಯಕ್ಷರು, ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ. ಮಾರ್ಗಸೂಚಿಯ ಪ್ರಕಾರ ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಹೆಂಗಸರಿರಬೇಕು, ತಿಂಗಳಿಗೊಮ್ಮೆ ಸಭೆ ಸೇರಬೇಕು. ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ ಈ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಬರುತ್ತದೆ. ಯಾವುದಕ್ಕೆ ಬಳಸಬೇಕೆಂದು ತೀರ್ಮಾನಿಸುವವರು ಊರಿನವರೇ.

ಇದು ಬಹಳ ಕಡಿಮೆ ಎಂಬುದು ನನ್ನ ತಕರಾರು. 300 ಮನೆಗಳ ಊರಾದರೆ ಮನೆಗೆ ವರ್ಷಕ್ಕೆ 33 ರೂಪಾಯಿ ಬಿತ್ತು. ಹೆಚ್ಚುಕಮ್ಮಿ ಒಂದು ಲೀಟರ್ ಹಾಲಿನ ದುಡ್ಡು. ದೊಡ್ಡ ಹಣ ಇರುವುದು ಪಂಚಾಯಿತಿಯಲ್ಲಿ. 15ನೇ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಶಿಫಾರಸು ಮಾಡಿದ ಪಂಚಾಯಿತಿ ಅನುದಾನದಲ್ಲಿ ಶೇ. 60 ಭಾಗವನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಕಟ್ಟಿಟ್ಟಿತು, ಎರಡಕ್ಕೂ ಅರ್ಧರ್ಧ. ಆರೋಗ್ಯ ಎಂದರೆ ಡಾಕ್ಟರು, ಮಾತ್ರೆ ಅಷ್ಟೇ ಎಂದುಕೊಂಡರೆ ಇದು ಕಣ್ಣಿಗೆ ಬೀಳುವುದಿಲ್ಲ. ನಮ್ಮ ಬೀದಿಗೆ ಬೇಕಾಗಿದ್ದದ್ದು ಡಾಕ್ಟರಲ್ಲ, ಒಂದು ಪೈಪು.

ಇನ್ನೊಂದು ವಿಷಯ. ಮನೆ ಕಂದಾಯ ಕಟ್ಟಿದ ರಸೀದಿ ತೆಗೆದು ನೋಡಿ. ಅದರಲ್ಲಿ ಆರೋಗ್ಯ ಕರ ಎಂದು ಕಂದಾಯದ ಮೇಲೆ ಶೇ. 15 ಸೇರಿರುತ್ತದೆ. ಅದನ್ನು ವಸೂಲಿ ಮಾಡುವುದು ಪಂಚಾಯಿತಿ, ಸೇರಬೇಕಾದದ್ದು ಸರ್ಕಾರದ ಲೆಕ್ಕಕ್ಕೆ. ನಮ್ಮೂರಿನ ಆರೋಗ್ಯದ ಹೆಸರಲ್ಲಿ ಎತ್ತಿದ ಹಣದಲ್ಲಿ ದೊಡ್ಡ ಪಾಲು ನಮ್ಮೂರಲ್ಲೇ ಉಳಿಯಬೇಕೆಂದು ನಾನಂತೂ ಹೇಳುತ್ತೇನೆ. ಸಂಘದ ಹಾಲನ್ನು ಒಕ್ಕೂಟಕ್ಕೆ ಕಳಿಸುತ್ತೇವೆ, ನಿಜ. ಆದರೆ ಲಾಭದಲ್ಲಿ ಸಂಘಕ್ಕೂ ಒಂದು ಪಾಲು ಉಳಿಯುತ್ತದಲ್ಲ?

ನಾವು ದನ ಕಟ್ಟುವವರಾದ್ದರಿಂದ ಇದರಲ್ಲಿ ನಮ್ಮದೇ ಒಂದು ಚಿಂತೆಯೂ ಇದೆ. ಹಸು ಕಂದು ಹಾಕಿದರೆ ಆ ಸತ್ತೆಯನ್ನು ಬರಿಗೈಯಲ್ಲಿ ತೆಗೆಯುವವರು ಬಹುಪಾಲು ನಾವೇ. ಅದು ಕಂದು ರೋಗವಾಗಿದ್ದರೆ ನಮಗೂ ಅಂಟುತ್ತದೆ: ಬಿಟ್ಟು ಬಿಟ್ಟು ಜ್ವರ, ಬೆವರು, ಕೀಲುನೋವು. ಕೆಲಸದ ಸುಸ್ತು ಎಂದುಕೊಂಡು ನುಂಗಿಬಿಡುತ್ತೇವೆ. ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಒಮ್ಮೆ ಲಸಿಕೆ ಹಾಕಿಸುವುದು ಪಶು ಇಲಾಖೆಯ ಕೆಲಸ, ನಮ್ಮ ಜ್ವರ ನೋಡುವುದು ಆರೋಗ್ಯ ಇಲಾಖೆಯ ಕೆಲಸ. ಎರಡೂ ಕಡೆಯವರನ್ನು ಒಂದೇ ಜಮಖಾನದ ಮೇಲೆ ಕೂರಿಸಬಲ್ಲ ಜಾಗವೆಂದರೆ ಗ್ರಾಮಸಭೆ.

ಆ ಗ್ರಾಮಸಭೆಯಾದರೂ ಹೇಗೆ ನಡೆಯುತ್ತದೆ? ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾನೂನಿದೆ. ಆದರೆ ನಾವು ಹುಲ್ಲಿಗೆ ಹೋದ ಹೊತ್ತಿಗೆ ಶುರುವಾಗಿ, ಮನೆ ಹಂಚುವ ಪಟ್ಟಿಯ ಜಗಳದಲ್ಲೇ ಸಂಜೆಯ ಹಾಲಿನ ಹೊತ್ತಾಗಿರುತ್ತದೆ. ಹೆಂಗಸರು ಬರುವುದಿಲ್ಲ ಎಂದು ದೂರುವವರು ಹೊತ್ತು ಬದಲಿಸಿ ನೋಡಿದ್ದಾರೆಯೇ? ಪಂಚಾಯಿತಿ ಸೀಟುಗಳಲ್ಲಿ ಅರ್ಧ ನಮಗೆ ಮೀಸಲು. ಗೆದ್ದವರಲ್ಲಿ ಎಷ್ಟೋ ಮಂದಿ ನಮ್ಮ ಜೊತೆಗೇ ಕ್ಯಾನು ಹೊತ್ತವರು. ಸಭೆಯ ಹೊತ್ತನ್ನು ಅವರ ಹತ್ತಿರವೇ ಕೇಳಿ.

ಆಶಾ ಕಾರ್ಯಕರ್ತೆಯನ್ನು ಮಾತ್ರ ದಯವಿಟ್ಟು ಬೈಯಬೇಡಿ. ಖಾತೆಯಿಂದ ಹಣ ತೆಗೆಯಲು ಅಧ್ಯಕ್ಷರ ಸಹಿಯೂ ಬೇಕು. ಆ ಸಹಿಗಾಗಿ ಅಲೆದು ಸುಸ್ತಾದವರನ್ನು ನಾನು ಕಂಡಿದ್ದೇನೆ.

ನಮ್ಮ ಸಮಿತಿ ಈಗ ಡೇರಿ ಕಟ್ಟಡದಲ್ಲೇ ಸೇರುತ್ತದೆ, ಬೆಳಗಿನ ಹಾಲು ಅಳೆದ ಮೇಲೆ. ಆ ಪೈಪನ್ನು ಚರಂಡಿಯಿಂದ ಹೊರಗೆ ಹಾಕಿಸಲು ಏಳು ತಿಂಗಳು ಹಿಡಿಯಿತು. ತೊಳೆದ ತಾರೀಖನ್ನು ಟ್ಯಾಂಕಿನ ಮೇಲೇ ಬರೆಸುತ್ತೇವೆ. ಹೋದ ಸಭೆಯಲ್ಲಿ, ದಿನಕ್ಕೆ ಮೂರು ಲೀಟರ್ ಹಾಕುವ, ಎಂದೂ ಬಾಯಿ ಬಿಡದ ಹೆಂಗಸೊಬ್ಬಳು ರಿಜಿಸ್ಟರನ್ನು ತನ್ನ ಕಡೆ ಎಳೆದುಕೊಂಡಳು. "ಮೊದಲು ಓದಿ ಹೇಳಿ, ಆಮೇಲೆ ಸಹಿ ಹಾಕುತ್ತೇನೆ" ಅಂದಳು.